ಮಂಜಿನೊಳಗೆ ಕಂಡ ಕಾಶಿ

ಮೆಂತ್ಯಪಲ್ಲೆ ಸೋಸುತ್ತಿದ್ದೆ. ಗೋಡೆಯಾಚೆಯಿಂದ ಪಕ್ಕದ ಮನೆಯ ಮಾಸ್ತರ ಹೆಂಡತಿ ಕೂಗಿದರು: "ಕಾಶಿ ಮುಟ್ಟಿದ್ವಿರೀ ಅಕ್ಕಾರ!"

ಗಂಡ ಹೆಂಡತಿ ಇಬ್ಬರೂ ನಮ್ಮ ಕೇಶ್ವಾಪುರ ಬಿಟ್ಟು ಕದಲಿರಲಿಲ್ಲ. ನಿವೃತ್ತರಾದ ಮಾಸ್ತರು ಕಂಪ್ಯೂಟರಿನ ಆಟದಲ್ಲಿ ವಿಮಾನ ಹಾರಿಸುವವರು. ಧೋತರದ ಚುಂಗಿನಿಂದ ಚಷ್ಮಾ ಒರೆಸಿ, ವಿಮಾನದಲ್ಲಿ ಮಾಡುವಂತೆ ಹಳೆಯ ಪಟ್ಟಿಯಿಂದ ಕುರ್ಚಿಗೆ ತಮ್ಮನ್ನು ಕಟ್ಟಿಕೊಂಡೇ ಕೂಡುವರು. ಹೆಂಡತಿಯ ಹೃದಯಕ್ಕೆ ದೂರದ ಪ್ರಯಾಣ ಆಗದೆಂದು ಡಾಕ್ಟರು ಹೇಳಿದ್ದರು. ಆಕೆಗೆ ಕಾಶಿಯೊಂದೇ ಆಸೆ. ಮೊದಲ ಸಲ ಮಾಸ್ತರು ಈ ಆಟ ತೋರಿಸಿದಾಗ ಆಕೆ ನಕ್ಕಿದ್ದರು: "ಗುಂಡಿ ಒತ್ತಿದ್ರ ತಾನ ಹೋಗಿ ಇಳೀತದ. ಇದೆಂಥಾ ಯಾತ್ರಾರೀ, ಆಟದ ಸಾಮಾನು!"

ಆಮೇಲೆ ಮಾಸ್ತರು ಅದರ ಏವಿಯಾನಿಕ್ಸ್, ಅಂದರೆ ದಾರಿ, ಎತ್ತರ ತೋರಿಸುವ ಉಪಕರಣಗಳನ್ನು ನಿಜವಾದ ವಿಮಾನದಲ್ಲಿರುವಂತೆ ಅಪ್‌ಡೇಟ್ ಮಾಡಿದರು. ಅಂದಿನಿಂದ ದಾರಿ ತೋರಿಸುವ ನಿಲ್ದಾಣದ ರೇಡಿಯೋ ಸಂಕೇತ ವಿಮಾನ ಹತ್ತಿರ ಹೋಗುವವರೆಗೆ ಸಿಗುತ್ತಿರಲಿಲ್ಲ. ಎತ್ತರ ತೋರಿಸುವ ಸೂಜಿ ನೋಡುವುದು ತಪ್ಪಿದರೆ ವಿಮಾನ ಬೀಳುತ್ತಿತ್ತು. ಹೆಂಡತಿ ಊಟಕ್ಕೆ ಕರೆದರೂ ಮಾಸ್ತರು "ತಡಿ, ಸೂಜಿ ಹೇಳ್ಲಿ" ಎನ್ನುವರು.

ಅವತ್ತು ಬೆಳಿಗ್ಗೆ ಕಾಶಿಗೆ ಹೊರಟಾಗ ಆಕೆ ಇಳಕಲ್ ಸೀರೆಯುಟ್ಟು, ರೊಟ್ಟಿಬುತ್ತಿ ತೊಡೆಯ ಮೇಲಿಟ್ಟುಕೊಂಡು ಅವರ ಪಕ್ಕ ಕೂತಿದ್ದರು. ನಾನೇ ಉಡಿ ತುಂಬಿದ್ದೆ.

"ಗಂಗಾ ಕಂಡಳೇನ್ರಿ?" ಎಂದೆ.

"ಎಲ್ಲಿ ಗಂಗಾರೀ, ಬರೇ ಮಂಜು! ನಮ್ಮನಿಯವರು ಇಳಿಸಾಕ ಹೋಗಿ ವಿಮಾನ ಮತ್ತ ಮ್ಯಾಲ ಎತ್ತಿದ್ರು. ಇವರು ಕುರ್ಚಿ ಪಟ್ಟಿ ಇನ್ನಷ್ಟು ಬಿಗದ್ರು. ನಾ ಶಿವಶಿವಾ ಅಂದೆ. ಎರಡನೇ ಸಲಕ್ಕ ಇಳಿಸಿದ್ರು. ಆಟಕ್ಕ ಯಾರರ ಹಂಗ ಅಂಜತಾರೇನ್ರಿ? ಖರೇನ ಹೋಗೇವಿ."

ಒಳಗಿಂದ ಮಾಸ್ತರು ಗದರಿದರು: "ಎಂಜಿನ್ ಆರೋತನಕ ಏಳಬಾರದಿತ್ತು, ಬಾ ಒಳಗ!"

ಸಂಜೆಗೆ ತಿರುಗಿ ಬರುವರು. ಯಾತ್ರೆಯಿಂದ ಬಂದವರ ಕಾಲಿಗೆ ನೀರು ಕೊಡಬೇಕು. ವಾರಕ್ಕೊಮ್ಮೆ ಬರುವ ನಳದ ನೀರು ಅವತ್ತೇ ಬಂದಿತ್ತು, ಅದೂ ದೇವರ ದಯೆ. ಕೊಡ ತುಂಬಲು ಎದ್ದೆ.