ಕಟ್ಟೆ ಬೆವರಿದ ಭಾನುವಾರ

ನನ್ನ ಮಾವನವರು ಲೈನ್‌ಮನ್ ಆಗಿದ್ದವರು. ಇಡೀ ಸರ್ವೀಸು ಬೇರೆಯವರ ಮನೆಗೆ ಕರೆಂಟು ಕೊಟ್ಟು, ನಿವೃತ್ತರಾದ ಮೇಲೆ ಸ್ವಂತಕ್ಕೊಂದಿಷ್ಟು ಕರೆಂಟು ತಯಾರಿಸುತ್ತೇನೆಂದು ಹೊರಟರು. ನಮ್ಮ ಹೊಲ ಇರುವುದು ಸ್ಕಂದಗಿರಿಯ ತಪ್ಪಲಿನಲ್ಲಿ. ಬೆಟ್ಟದಿಂದ ಇಳಿಯುವ ಹಳ್ಳಕ್ಕೆ ಅಡ್ಡವಾಗಿ ಅವರ ತಂದೆಯ ಕಾಲದ ಮಣ್ಣಿನ ಕಟ್ಟೆಯೊಂದಿತ್ತು. ಮಾವ ಅದನ್ನು ಎತ್ತರಿಸಿ, ಕೆಳಗಿನ ಹೊಲದವರೆಗೆ ಪೈಪು ಇಳಿಸಿ, ಅಲ್ಲೊಂದು ಶೆಡ್ಡಿನಲ್ಲಿ ಹಳೇ ಪಂಪೊಂದನ್ನು ಕೂರಿಸಿದರು. ನೀರೆತ್ತುವ ಪಂಪಿಗೆ ಮೇಲಿಂದ ನೀರು ಬಿಟ್ಟರೆ ಅದು ಹಿಂದಕ್ಕೆ ತಿರುಗಿ ಕರೆಂಟು ಕೊಡುತ್ತದಂತೆ. ಕೊಟ್ಟಿತು ಕೂಡ. ಮಳೆಗಾಲದಿಂದ ಸಂಕ್ರಾಂತಿವರೆಗೆ ನಮ್ಮ ರೇಷ್ಮೆಹುಳು ಮನೆಯ ನಾಲ್ಕು ಬಲ್ಬು, ಎರಡು ಫ್ಯಾನು ಅದರಿಂದಲೇ ನಡೆಯುತ್ತಿದ್ದವು. ಬಂದ ನೆಂಟರಿಗೆಲ್ಲ ಶೆಡ್ಡು ತೋರಿಸದೆ ಮಾವ ಕಾಫಿ ಕೊಡಿಸುತ್ತಿರಲಿಲ್ಲ. ದಾರಿ ತಪ್ಪಿ ಹೊಲಕ್ಕೆ ನುಗ್ಗಿದ ಟ್ರೆಕ್ಕಿಂಗಿನವರೂ ಅದನ್ನು ನೋಡಿಯೇ ಹೋಗಬೇಕಾಗಿತ್ತು.

ಅತ್ತೆಗೆ ಶೆಡ್ಡಿನ ಮೇಲೆ ಅಂಥ ಒಲವಿರಲಿಲ್ಲ. ಅವರ ನಂಟೆಲ್ಲ ಕಟ್ಟೆಯ ಜೊತೆ. ಹಸುವಿಗೆ ಹುಲ್ಲು ಸಿಗುತ್ತಿದ್ದುದು ಅಲ್ಲೇ.

ಆ ವರ್ಷ ಕಾರ್ತೀಕದಲ್ಲಿ ವಾರಗಟ್ಟಲೆ ಮಳೆ ಹಿಡಿಯಿತು. ನಾನು ಚಿಕ್ಕಬಳ್ಳಾಪುರದ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಅಂದು ಭಾನುವಾರವಾದ್ದರಿಂದ ಮನೆಯಲ್ಲೇ ಇದ್ದೆ. ಅತ್ತೆ ಹುಲ್ಲಿನ ಹೊರೆಯನ್ನು ಬಾಗಿಲಲ್ಲೇ ಇಳಿಸಿ ಕರೆದರು.

“ಒಂದ್ ಲೋಟ ತಗೊಂಡ್ ಬಾಮ್ಮ.”

ಕಾಫಿಗಿರಬೇಕೆಂದು ಸ್ಟೀಲ್ ಲೋಟ ತಂದೆ.

“ಇದಲ್ಲ, ಗಾಜಿಂದು ತಗೊಂಡು ನನ್ ಜೊತೆ ಬಾ.”

ಕಟ್ಟೆಯ ಹಿಂಬದಿ, ಬುಡದಲ್ಲಿ ಹೆಬ್ಬೆರಳು ಗಾತ್ರದ ಒಂದು ಒರತೆ ಹರಿಯುತ್ತಿತ್ತು. ಅತ್ತೆ ಅದಕ್ಕೆ ಲೋಟ ಹಿಡಿದು, ಬೆಳಕಿಗೆ ಎತ್ತಿ ನೋಡಿದರು. ಅವರ ತವರು ಕೆಂಚಾರ್ಲಹಳ್ಳಿ. ಕೆರೆ ಏರಿಯ ಕೆಳಗೇ ಮನೆ. ಕೆರೆ ನೋಡಿಕೊಳ್ಳುತ್ತಿದ್ದ ನೀರುಗಂಟಿಯ ಹಿಂದೆ ತಿರುಗಿ ಬೆಳೆದವರು.

“ನೀರು ತಿಳಿಯಾಗಿದ್ರೆ ಕಟ್ಟೆ ಬೆವರ್ತಾ ಐತೆ ಅಂತ. ಕೆಂಪಗಾದ್ರೆ ಒಳಗೆ ಕರಗ್ತಾ ಐತೆ ಅಂತ. ನೆನ್ನೆ ತಿಳಿಯಾಗಿತ್ತು ಕಣಮ್ಮ.”

ಲೋಟದ ನೀರು ತೆಳುವಾದ ಚಹಾದ ಬಣ್ಣಕ್ಕಿತ್ತು.

ಮಾವ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. “ಮಣ್ಣಿನ ಕಟ್ಟೆ ಅಂದ್ಮೇಲೆ ಜಿನುಗೇ ಜಿನುಗ್ತದೆ ಕಣೇ,” ಎಂದರು. ಅತ್ತೆ ಲೋಟವನ್ನು ಪೇಪರಿನ ಮೇಲಿಟ್ಟು ಕೈ ತೊಳೆಯಲು ಹೋದರು. ಅವರು ತಿರುಗಿ ಬರುವಷ್ಟರಲ್ಲಿ ಲೋಟದ ತಳದಲ್ಲಿ ಕೆಂಪು ಮಣ್ಣಿನ ಪದರ ಕೂತಿತ್ತು. ಮಾವ ಅದನ್ನೇ ನೋಡುತ್ತಾ ಕನ್ನಡಕ ತೆಗೆದರು. ಆಮೇಲೆ ಚಪ್ಪಲಿ ಹುಡುಕಿದರು.

ಮೇಲೆ ಹೋಗಿ ನೋಡಿದರೆ ನೀರು ಕಟ್ಟೆಯ ತಲೆಗಿಂತ ಒಂದೇ ಗೇಣು ಕೆಳಗಿತ್ತು. ಹೆಚ್ಚಾದ ನೀರು ತಾನಾಗಿ ಹರಿದುಹೋಗಲೆಂದು ಪಕ್ಕದಲ್ಲಿ ಬಿಟ್ಟಿದ್ದ ಕೋಡಿಗೆ ಅಡ್ಡವಾಗಿ ಮರಳಿನ ಮೂಟೆಗಳನ್ನು ಪೇರಿಸಲಾಗಿತ್ತು.

“ಇದ್ಯಾವಾಗ ಆಯ್ತು?” ಅತ್ತೆ ಕೇಳಿದರು.

“ಹೋದ್ ವಾರ,” ಎಂದರು ಮಾವ, ಮೆಲ್ಲಗೆ. “ಒಂದಡಿ ಜಾಸ್ತಿ ನಿಂತ್ರೆ ಬಲ್ಬು ಚೆನ್ನಾಗಿ ಉರೀತದೆ ಅಂತ...”

ನೀರು ಇಳಿಸಲೇಬೇಕಿತ್ತು. ಆದರೆ ಹಳ್ಳದ ಕೆಳಗೆ ಪಕ್ಕದ ಹೊಲದವರ ಮನೆ, ಹಸುಗಳ ಕೊಟ್ಟಿಗೆ. ಮಾವನಿಗೂ ಅವರಿಗೂ ಬೇಲಿಯ ವಿಷಯಕ್ಕೆ ಮಾತು ಬಿಟ್ಟು ವರ್ಷವಾಗಿತ್ತು. ನಾನು ಫೋನ್ ಮಾಡಿ ಹೇಳಲೇ ಎಂದೆ.

“ಬೇಡಮ್ಮ. ಮೂಟೆ ಇಟ್ಟೋನು ನಾನು, ನಾನೇ ಹೋಗ್ತೀನಿ.”

ಕೊಡೆ ಹಿಡಿದು ಹಿಂದೆಯೇ ಹೋದೆ. ಪಕ್ಕದ ಹೊಲದವರು ಬಾಗಿಲಲ್ಲಿ ಕೂತು ಟೀ ಕುಡಿಯುತ್ತಿದ್ದರು. ಮಾವ ಪೀಠಿಕೆ ಹಾಕಲಿಲ್ಲ.

“ಕಟ್ಟೆ ಜಿನುಗ್ತಾ ಐತೆ. ತಪ್ಪು ನಂದು. ನೀರು ಬಿಡ್ತೀನಿ, ಅದ್ಕೆ ಮುಂಚೆ ನಿಮ್ಮೋರು, ಹಸುಗಳು ಎಲ್ಲಾ ಮೇಲಕ್ಕೆ ಬಂದ್ಬಿಡ್ಲಿ.”

ಅವರು ಲೋಟ ಕೆಳಗಿಟ್ಟರು. ಬೈಗುಳ ಬರುತ್ತದೆಂದು ನಾನು ಕಾದೆ.

“ಒಡೆದ್ಮೇಲೆ ಬಂದು ಹೇಳೋರ್ನ ನೋಡಿದೀನಿ ಅಣ್ಣ. ಒಡೆಯೋಕ್ ಮುಂಚೆ ಬಂದೋನು ನೀನೇ ಫಸ್ಟು,” ಎಂದು ಎದ್ದು, ಗೋಡೆಗೊರಗಿಸಿದ್ದ ಹಾರೆ ಹೆಗಲಿಗೇರಿಸಿದರು. “ಸರೇ, ಪದಣ್ಣ, ಹೋಗಾಣ.”

ಅವರ ಮನೆಯವರೆಲ್ಲ ಹಸುಗಳ ಸಮೇತ ನಮ್ಮ ಅಂಗಳಕ್ಕೆ ಬಂದರು. ಅಷ್ಟರಲ್ಲಿ ನಾನು, ನಮ್ಮ ಲೈಬ್ರರಿಗೆ ದಿನಾ ಪೇಪರ್ ಓದಲು ಬರುವ ನಿವೃತ್ತ ಓವರ್‌ಸಿಯರ್ ಒಬ್ಬರಿಗೆ ಫೋನ್ ಮಾಡಿದ್ದೆ. ಕೆರೆಕಟ್ಟೆಗಳಲ್ಲೇ ಕೂದಲು ಹಣ್ಣಾದವರು. ರೇನ್‌ಕೋಟ್ ಹಾಕಿಕೊಂಡು ಸ್ಕೂಟರಿನಲ್ಲಿ ಬಂದೇಬಿಟ್ಟರು. ತೂಬು ತೆಗೆಸಿ, ಮೂಟೆಗಳನ್ನು ಒಂದೇ ಸಲ ಕೀಳದೆ ಎರಡೆರಡಾಗಿ ತೆಗೆಸಿದರು. ಮಾವ ಒರತೆಯ ಬಾಯಿಗೆ ಜೇಡಿಮಣ್ಣು ಮೆತ್ತಲು ಹೋದಾಗ ಓವರ್‌ಸಿಯರ್ ಅವರ ಕೈ ಹಿಡಿದರು.

“ಮುಚ್ಚಬೇಡಿ. ಇಲ್ಲಿ ಮುಚ್ಚಿದ್ರೆ ಇನ್ನೊಂದು ಕಡೆ ಬಾಯಿ ಬಿಡ್ತದೆ. ನೀರು ಹೋದ್ರೆ ಹೋಗ್ಲಿ, ಮಣ್ಣು ಹೋಗಬಾರ್ದು.”

ಕೋಡಿಯಿಂದ ಕಿತ್ತ ಮೂಟೆಗಳ ಮರಳನ್ನೇ ಒರತೆಯ ಮೇಲೆ ಸುರಿದೆವು. ಅದರ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಕಲ್ಲು. ಜಲ್ಲಿ ಪಕ್ಕದ ಹೊಲದವರು ಮನೆ ಕಟ್ಟಿ ಮಿಗಿಸಿದ್ದು. ಮಧ್ಯಾಹ್ನದ ಹೊತ್ತಿಗೆ ಕಟ್ಟೆಯ ನೀರು ಸೊಂಟದಷ್ಟು ಇಳಿಯಿತು. ಅತ್ತೆ ಇನ್ನೊಮ್ಮೆ ಲೋಟ ಹಿಡಿದರು. ತಿಳಿನೀರು. ಓವರ್‌ಸಿಯರ್ ಅದನ್ನು ನೋಡಿ, ಅತ್ತೆಯನ್ನು ನೋಡಿ, “ನೀವು ಯಾವ ಡಿಪಾರ್ಟ್‌ಮೆಂಟಲ್ಲಿ ಇದ್ರಿ ಅಮ್ಮ?” ಎಂದರು.

“ಹುಲ್ಲಿನ ಡಿಪಾರ್ಟ್‌ಮೆಂಟು,” ಎಂದರು ಅತ್ತೆ.

ಅಂದು ನಮ್ಮ ಅಡುಗೆಮನೆಯಲ್ಲಿ ಹದಿಮೂರು ಜನಕ್ಕೆ ಮುದ್ದೆ, ಅವರೆಕಾಳಿನ ಸಾರು ಆಯಿತು. ಒಂದು ವರ್ಷದ ಮಾತೆಲ್ಲ ಅಲ್ಲೇ ಊಟದ ಜೊತೆ ಮುಗಿಯಿತು. ಬೇಲಿಯ ಸುದ್ದಿ ಯಾರೂ ಎತ್ತಲಿಲ್ಲ.

ಬೇಸಿಗೆಯಲ್ಲಿ ಕಟ್ಟೆ ಒಣಗಿದಾಗ ಅಗೆದು ನೋಡಿದರೆ, ಏಡಿಗಳು ಕೊರೆದ ಬಿಲವೊಂದು ಒಳಗೊಳಗೇ ಅರ್ಧದವರೆಗೆ ಬಂದಿತ್ತು. ಅದನ್ನು ಬಿಡಿಸಿ, ಹೊಸ ಮಣ್ಣು ತುಂಬಿ, ದಮ್ಮಸು ಹಾಕಿಸಿ ಗಟ್ಟಿ ಮಾಡಿದೆವು. ಕೋಡಿಯನ್ನು ಮೊದಲಿಗಿಂತ ಅಗಲ ಮಾಡಿ ಕಲ್ಲು ಕಟ್ಟಿಸಿದರು ಮಾವ. ನೀರು ಈಗ ಮೊದಲಿನಷ್ಟು ಎತ್ತರ ನಿಲ್ಲುವುದಿಲ್ಲ. ಎರಡು ಫ್ಯಾನಿನಲ್ಲಿ ಒಂದನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ್ದಾಯಿತು. ನೆಂಟರು ಬಂದರೆ ಮಾವ ಮೊದಲು ಕೋಡಿಗೇ ಕರೆದುಕೊಂಡು ಹೋಗುತ್ತಾರೆ.

ಈ ಸಲ ಕಟ್ಟೆ ತುಂಬಿ ಕೋಡಿ ಹರಿದ ದಿನ ಪಕ್ಕದ ಹೊಲದವರೂ ಬಂದು ನಿಂತರು. ನೀರಿನ ಸದ್ದಿಗೆ ಯಾರ ಮಾತೂ ಕೇಳುತ್ತಿರಲಿಲ್ಲ. ಮಾವ ಅವರ ಕಿವಿಗೆ ಬಾಗಿ ಏನೋ ಹೇಳಿದರು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಏನೆಂದು ನಾನೂ ಅತ್ತೆಯೂ ಎಷ್ಟು ಕೇಳಿದರೂ ಹೇಳಲಿಲ್ಲ.