ಹೊಳೆ ಮೆಲ್ಲಗೆ ಇಳಿದ ಹತ್ತು ಬೆಳಗು

ಆಗಷ್ಟೇ ಬೆಳಕು ಹರಿಯುತ್ತಿದೆ. ಮೊಣಕಾಲುದ್ದದ ಬೂಟು ತೊಟ್ಟ ಕೋಲಕ್ಕ ಹೊಳೆದಂಡೆಯ ಕಲ್ಲುಗಳ ಮೇಲೆ ಬಗ್ಗಿ, ಸಂದುಗೊಂದುಗಳಲ್ಲಿ ಕೈಯಾಡಿಸುತ್ತಿದ್ದಾರೆ. "ಆರು... ಏಳು... ಅಷ್ಟೇ!" ಎಂದು ಕೂಗಿ, ಐವತ್ತೆರಡರ ವಯಸ್ಸು ಮರೆತು ಒಂದು ಸಲ ಕುಪ್ಪಳಿಸಿಯೇ ಬಿಡುತ್ತಾರೆ. ಕಳೆದ ತಿಂಗಳು ಇದೇ ಜಾಗದಲ್ಲಿ ಒಂದೇ ಬೆಳಗಿಗೆ ಸತ್ತು ಬಿದ್ದಿದ್ದ ಮೀನುಮರಿಗಳು ಆರುನೂರ ನಲವತ್ತು.

ನೀರಿನ ಮಟ್ಟ ತೋರಿಸುವ ಅಳತೆಕೋಲು ನೋಡಿ ಬರೆದಿಡುವುದು ಹತ್ತೊಂಬತ್ತು ವರ್ಷಗಳಿಂದ ಇವರ ಕೆಲಸ. ಹೆಸರೂ ಅದರಿಂದಲೇ ಬಂದದ್ದು. ಮೇಲಿನ ಅಣೆಕಟ್ಟಿನಲ್ಲಿ ವಿದ್ಯುತ್ ಯಂತ್ರ ತಿರುಗಿದರೆ ಹೊಳೆ ಉಕ್ಕುತ್ತದೆ; ನಿಂತರೆ ಇಪ್ಪತ್ತೇ ನಿಮಿಷದಲ್ಲಿ ಎರಡಡಿ ಕುಸಿಯುತ್ತದೆ. ದೊಡ್ಡ ಮೀನು ಹೇಗೋ ಪಾರಾಗುತ್ತದೆ, ಮರಿಗಳು ಕಲ್ಲಿನ ನಡುವೆ ಸಿಕ್ಕಿಬೀಳುತ್ತವೆ. ಕೋಲಕ್ಕ ಅವನ್ನು ಬಕೆಟ್ಟಿನಲ್ಲಿ ಹೊತ್ತು ನೀರಿಗೆ ಬಿಡುತ್ತಿದ್ದರು. ಸಂಬಳದ ಕೆಲಸವಲ್ಲ ಅದು. "ಮೀನಿಗೆ ಬಾಣಂತನ ಮಾಡೋಕೆ ಹೊರಟಳು ಅಂತ ನಮ್ಮ ಯಜಮಾನ್ರೇ ನಗ್ತಿದ್ರು," ಎನ್ನುತ್ತಾರೆ. ಹೋದ ವರ್ಷ ಏಕಾಏಕಿ ಏರಿದ ನೀರು ಇವರನ್ನೇ ಕೆಡವಿ ಮಣಿಕಟ್ಟು ಮುರಿದ ಮೇಲೆ ಯಜಮಾನರ ನಗು ನಿಂತಿತು.

ವಿದ್ಯುತ್ ಕೇಂದ್ರದ ಕಾವಲುಗಾರ ಇವರನ್ನು ಎರಡು ಸಲ ಬಾಗಿಲಿನಿಂದಲೇ ವಾಪಸ್ ಕಳಿಸಿದ. ಮೂರನೇ ಸಲ ಹೇಗೋ ಒಳಗೆ ನುಗ್ಗಿ, ಸತ್ತ ಮರಿಗಳ ಬಕೆಟ್ಟನ್ನು ದೊಡ್ಡ ಇಂಜಿನಿಯರ ಮೇಜಿನ ಮೇಲೇ ಇಟ್ಟರು.

"ಏನಮ್ಮಾ ಇದು?"

"ನಿಮ್ಮ ಇಪ್ಪತ್ತು ನಿಮಿಷ, ಸಾರ್."

ಇಂಜಿನಿಯರು ಬಕೆಟ್ಟಿನೊಳಗೆ ಬಗ್ಗಿ ನೋಡಿದರು. ಮರುದಿನ ಬೆಳಿಗ್ಗೆ ತಾವೇ ಬೂಟು ತೊಟ್ಟು ದಂಡೆಗೆ ಬಂದರು. ಕಾಲಡಿಯೇ ಮರಿಗಳು ವಿಲವಿಲ ಒದ್ದಾಡುವುದನ್ನು ಕಂಡು, "ಈಗೇನು ಮಾಡೋಣ ಹೇಳಿ" ಎಂದರು.

"ಕರೆಂಟು ಬೇಡ ಅಂತ ನಾನೆಲ್ಲಿ ಅಂದೆ? ನಮ್ಮನೇಲೂ ದೀಪ ಉರೀಬೇಕಲ್ಲ! ದಿಢೀರಂತ ನಿಲ್ಲಿಸಬೇಡಿ, ಎರಡು ಗಂಟೆ ತಗೊಂಡು ನಿಧಾನಕ್ಕೆ ಇಳಿಸಿ. ಯಂತ್ರ ನಿಂತಾಗ್ಲೂ ಒಂಚೂರು ನೀರು ಹರೀತಿರಲಿ."

ಹತ್ತು ದಿನದ ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕಿತು. ಇಂದು ಹತ್ತನೇ ದಿನ. ಕಲ್ಲಿನ ನಡುವೆ ಸಿಕ್ಕ ಮರಿಗಳ ಲೆಕ್ಕ ಮೊದಲ ಬೆಳಗು ತೊಂಬತ್ತು, ಇಂದು ಏಳು. ಆ ಏಳೂ ಜೀವಂತ! ಅವನ್ನು ನೀರಿಗೆ ಬಿಟ್ಟು ಕೈ ಒರೆಸಿಕೊಳ್ಳುವಷ್ಟರಲ್ಲಿ ಇಂಜಿನಿಯರ ಫೋನು: ಇನ್ನು ಮುಂದೆ ಇದೇ ಕ್ರಮ ಕಾಯಂ.

ಮುಂದೇನು ಆಸೆ ಎಂದರೆ ಕೋಲಕ್ಕ ಸಂಕೋಚಪಡುತ್ತಾರೆ. "ಸಂಜೆ ನೀರು ಏರಿಸೋದನ್ನೂ ಹೀಗೇ ನಿಧಾನ ಮಾಡಿದ್ರೆ ಸಾಕು," ಎಂದು ಮುಖವರಳಿಸುತ್ತಾರೆ. "ಮೊನ್ನೆ ಕಂಟ್ರೋಲ್ ರೂಮಿಂದ ಫೋನ್ ಮಾಡಿ, 'ಅಕ್ಕಾ, ಇನ್ನೊಂಚೂರು ಇಳಿಸಲಾ?' ಅಂತ ಕೇಳಿದ್ರು. ಇಷ್ಟು ವರ್ಷ ನಾನು ಬರೆದು ಕಳಿಸ್ತಿದ್ದೆ, ಅಷ್ಟೇ. ಅವರಾಗೇ ಫೋನ್ ಮಾಡಿ ಹೊಳೆ ಬಗ್ಗೆ ನನ್ನನ್ನ ಕೇಳಿದ್ದು ಅದೇ ಮೊದಲು."