ಮಹಾದೇವಪ್ಪನ ಎಡಗೈ

ಹುಬ್ಬಳ್ಳಿಯಲ್ಲಿ ದ್ರಾಕ್ಷಾಯಿಣಿ ಅಮ್ಮಿನಬಾವಿ ಎಂದರೆ ಯಾರಿಗೂ ತಟ್ಟನೆ ಗೊತ್ತಾಗುತ್ತಿರಲಿಲ್ಲ, ಟೈಪಿಂಗ್ ಬಾಯಾರು ಎಂದರೆ ಗೊತ್ತಾಗುತ್ತಿತ್ತು. ದುರ್ಗದಬೈಲಿನ ಹಿಂದಿನ ಓಣಿಯಲ್ಲಿ, ಬಳೆ ಅಂಗಡಿಯ ಮೇಲಿನ ಕೋಣೆಯಲ್ಲಿ, ಹದಿನಾಲ್ಕು ಟೈಪ್‌ರೈಟರ್ ಇಟ್ಟುಕೊಂಡು ಇಪ್ಪತ್ತೈದು ವರ್ಷ ಆಕೆ ಈ ಊರಿನ ಗುಮಾಸ್ತರನ್ನು ತಯಾರು ಮಾಡಿದ್ದಳು. ಮದುವೆ ಮಾಡಿಕೊಂಡಿರಲಿಲ್ಲ. ಯಾರಾದರೂ ಒತ್ತಾಯಿಸಿ ಕೇಳಿದರೆ, ‘ಕುಡುಕನ ಮಗಳನ್ನ ಯಾರು ಮಾಡ್ಕೋತಾರ್ರಿ?’ ಎಂದು ನಕ್ಕುಬಿಡುತ್ತಿದ್ದಳು. ಆ ನಗೆ ನೋಡಿದವರು ಮತ್ತೆ ಕೇಳುತ್ತಿರಲಿಲ್ಲ.

ಅವಳಪ್ಪ ಮಹಾದೇವಪ್ಪ ಅಮ್ಮಿನಬಾವಿಯ ಒಕ್ಕಲುತನದ ಮನೆಯವನು. ಧಾರವಾಡದ ಪಾದ್ರಿಗಳ ಸಾಲೆಗೆ ಓದಲು ಬಂದವನು ಅಲ್ಲಿನ ಪಿಯಾನೋಕ್ಕೆ ಮರುಳಾದ. ಮುಂದೆ ಮುಂಬಯಿಗೆ ಹೋಗಿ ಹತ್ತು ವರ್ಷ ಕಲಿತು, ರೈಲಿನ ಸರಕು ಡಬ್ಬಿಯಲ್ಲಿ ಒಂದು ಹಳೆಯ ಪಿಯಾನೋ ಹಾಕಿಕೊಂಡು ಊರಿಗೆ ಮರಳಿದ. ಆ ವಾದ್ಯದ ಮೇಲೆ ಅವನು ನುಡಿಸುತ್ತಿದ್ದುದು ಯಮನ, ಬಾಗೇಶ್ರೀ, ಭೀಮಪಲಾಸ. ‘ಸ್ವರದಿಂದ ಸ್ವರಕ್ಕ ಜಾರೂ ಮೀಂಡ ಬರಲಾರದ ವಾದ್ಯದಾಗ ಎಂಥಾ ರಾಗೋ?’ ಎಂದು ದೊಡ್ಡ ಗವಾಯಿಗಳು ಮೂಗು ಮುರಿದರು. ಆದರೂ ಜನ ಕೇಳಿದರು. ಬಲಗೈಯಲ್ಲಿ ರಾಗ ಹರಿಯುತ್ತಿದ್ದರೆ ಎಡಗೈ ಕೆಳಗಿನ ಸ್ವರಗಳಲ್ಲಿ ಲಯ ಹಿಡಿದು ಕೂಡುತ್ತಿತ್ತು. ಅವನ ಎಡಗೈ ಇದ್ದರೆ ತಬಲಾ ಬೇಡ ಎನ್ನುವ ಮಾತಿತ್ತು. ಮೂರು ಗ್ರಾಮೋಫೋನ್ ಪ್ಲೇಟು ಬಂದವು. ಪುಣೆ, ಸೊಲ್ಲಾಪುರ, ನಾಗಪುರಗಳಿಂದ ಕರೆ ಬಂದವು.

ಆಮೇಲೆ, ಸಾವಿರದ ಒಂಬೈನೂರ ಅರವತ್ತೊಂದರಲ್ಲಿ, ಇದ್ದಕ್ಕಿದ್ದಂತೆ ಎಲ್ಲ ನಿಂತಿತು. ದ್ರಾಕ್ಷಾಯಿಣಿಗೆ ಆಗ ಹನ್ನೆರಡು, ತಮ್ಮ ಪರಮೇಶನಿಗೆ ಒಂಬತ್ತು. ಅಪ್ಪ ರಸ್ತೆಯಲ್ಲಿ ಓಲಾಡುತ್ತ ಬರುತ್ತಿದ್ದ. ಗಟಾರದಲ್ಲಿ ಬಿದ್ದ. ತಟ್ಟೆ ಎಸೆದ. ಅವ್ವ ಮಾಳವ್ವ ದಿನಾ ಸಂಜೆ ಬಾಗಿಲಲ್ಲೇ ನಿಲ್ಲಿಸಿ ಅವನ ಬಾಯಿ ಮೂಸಿ ನೋಡುತ್ತಿದ್ದಳು. ಒಂದು ದಿನವೂ ವಾಸನೆ ಬರಲಿಲ್ಲ. ವಾಸನೆ ಇಲ್ಲದ್ದೇನನ್ನೋ ಕುಡಿಯುತ್ತಾನೆ ಎಂದು ಅವಳು ತೀರ್ಮಾನಿಸಿದಳು. ಪಿಯಾನೋ ಮಾರಾಟಕ್ಕೆ ಹೋಯಿತು. ಅರವತ್ತೆಂಟರಲ್ಲಿ ಅಪ್ಪ ಸತ್ತ. ಅವ್ವ ಇನ್ನೂ ಇಪ್ಪತ್ತು ವರ್ಷ ಬದುಕಿ, ಗಂಡನ ಹೆಸರು ಎತ್ತದೆಯೇ ಹೋದಳು.

ಇಷ್ಟೇ ಆಗಿದ್ದರೆ ಈ ಕಥೆ ಹೇಳಬೇಕಾಗಿರಲಿಲ್ಲ.

೧೯೯೮ರ ಚಳಿಗಾಲದಲ್ಲಿ ರೇಡಿಯೋ ರಿಪೇರಿಯ ಗುಲಾಬಸಾಬ ಮೆಟ್ಟಿಲು ಹತ್ತಿ ಬಂದ. ಕಂಕುಳಲ್ಲಿ ಬಿಸ್ಕೀಟಿನ ತಗಡಿನ ಡಬ್ಬಿ.

‘ಅಕ್ಕಾರ, ಅರಳಿ ವ್ಯಾಪಾರದ ಶೇಟಜಿ ಮನಿ ಕೆಡವಿದ್ರಲ್ಲಾ, ಅಟ್ಟದ ಮ್ಯಾಲೆ ಇವು ಸಿಕ್ಕಾವ್ರಿ. ಒಂಬತ್ತು ಟೇಪು. ನಿಮ್ಮ ತಂದಿಯವರ ಬೈಠಕ್ಕು.’

ಹತ್ತಿ ವ್ಯಾಪಾರದ ಆ ಶೇಟಜಿ ಸಂಗೀತದ ಹುಚ್ಚಿನವನು, ಮನೆಯಲ್ಲೇ ಪಿಯಾನೋ ಇಟ್ಟುಕೊಂಡಿದ್ದ. ತನ್ನ ಮನೆಯಲ್ಲಿ ನಡೆಯುತ್ತಿದ್ದ ಸಂಗೀತದ ಬೈಠಕ್ಕುಗಳನ್ನು ದೊಡ್ಡ ಯಂತ್ರದಲ್ಲಿ ಮುದ್ರಿಸಿಕೊಳ್ಳುತ್ತಿದ್ದ. ಪುಣೆಯ ಒಂದು ಸಣ್ಣ ಕಂಪನಿ ಹಳೆಯ ಪ್ಲೇಟುಗಳ ಜೊತೆ ಇವನ್ನೂ ಸೇರಿಸಿ ಮತ್ತೆ ಹೊರತರಲು ಒಪ್ಪಿತ್ತು. ಆದರೆ ಯಾವ ಟೇಪಿನ ಮೇಲೂ ತಾರೀಕು ಇರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಬಲ್ಲವರು ಮನೆಯವರೇ.

‘ನನಗ ಸಂಗೀತ ತಿಳಿಯೂದಿಲ್ಲ ಗುಲಾಬಸಾಬ,’ ಎಂದಳು ದ್ರಾಕ್ಷಾಯಿಣಿ.

‘ಕಿವಿ ಅದಾವಲ್ರಿ. ಹದಿನಾಲ್ಕ ಹುಡುಗೂರು ಒಮ್ಮೆ ಟೈಪ್ ಮಾಡಾಕತ್ರ, ಯಾರ ಕೈಬಟ್ಟು ತಪ್ಪೇತಿ ಅಂತ ಬೆನ್ನು ತಿರಿವಿ ಹೇಳ್ತೀರಿ.’

ಅದು ಖರೆ. ಹಾಗಾಗಿ ಪ್ರತಿ ರವಿವಾರ ಅವನ ಅಂಗಡಿಯಲ್ಲಿ ಕುಳಿತು ಕೇಳತೊಡಗಿದಳು. ಟೇಪು ಹಳತಾಗಿ ಅಂಟಂಟಾಗಿತ್ತು, ಯಂತ್ರದ ಹೆಡ್ಡಿಗೆ ತಾಗಿದಲ್ಲೆಲ್ಲ ಕಂದು ಪುಡಿ ಉದುರುತ್ತಿತ್ತು. ‘ಒಂದ ಸಲ ಕೇಳಸ್ತೇನಿ, ಎರಡನೇ ಸಲಕ್ಕ ಇರತೈತೋ ಇಲ್ಲೋ,’ ಎನ್ನುತ್ತ ಗುಲಾಬಸಾಬ ಪಕ್ಕದ ಯಂತ್ರದಲ್ಲಿ ನಕಲು ಇಳಿಸಿಕೊಳ್ಳುತ್ತಿದ್ದ.

ಮೊದಲ ನಾಲ್ಕು ಟೇಪು ಕೇಳುವಾಗ ಅವಳಿಗೆ ಅಳು ಬಂತು. ಬೇರೆ ಯಾವುದಕ್ಕೂ ಅಲ್ಲ, ಅಪ್ಪ ಇಷ್ಟು ಚಂದ ನುಡಿಸುತ್ತಿದ್ದ ಎಂದು ಐವತ್ತನೆಯ ವರ್ಷದ ಹೊತ್ತಿಗೆ ಗೊತ್ತಾಗಿದ್ದಕ್ಕೆ. ಐದನೆಯದರಲ್ಲಿ ಅಳು ನಿಂತಿತು. ಎಡಗೈಯ ಕಿರುಬೆರಳು ಒಂದು ಕಡೆ ತಡವಾಗಿ ಬಿದ್ದಿತ್ತು. ಕೂದಲೆಳೆಯಷ್ಟು. ಬೇರೆಯವರಿಗೆ ಕೇಳುತ್ತಿರಲಿಲ್ಲ. ಆರನೆಯದರಲ್ಲಿ ಹತ್ತು ಕಡೆ. ಏಳನೆಯದರಲ್ಲಿ ಕೈ ಒಮ್ಮೊಮ್ಮೆ ತಾನಾಗಿಯೇ ಸಿಡಿದು ಬೇಡದ ಸ್ವರಕ್ಕೆ ಬೀಳುತ್ತಿತ್ತು, ಈಗ ಜೊತೆಗೆ ಕೂಡಿಸಿಕೊಂಡಿದ್ದ ತಬಲಾದವನು ಹಿಂದೆ ಹಿಂದೆ ಓಡಿ ಮುಚ್ಚಿಹಾಕುತ್ತಿದ್ದ. ತಾರೀಕು ಹುಡುಕುವ ಅಗತ್ಯವೇ ಬೀಳಲಿಲ್ಲ. ಡಬ್ಬಿಯಲ್ಲಿ ಇಟ್ಟಿದ್ದ ಕ್ರಮವೇ ಸರಿಯಾಗಿತ್ತು, ತಪ್ಪುಗಳನ್ನು ಎಣಿಸಿ ಅವಳು ಟೇಪುಗಳನ್ನು ಹಾಗೇ ಸಾಲಾಗಿ ಇಟ್ಟಳು.

ಕೊನೆಯ ಟೇಪಿನಲ್ಲಿ ಬಾಗೇಶ್ರೀ ನಡುವೆಯೇ ಮುರಿದುಬಿತ್ತು. ಪಿಯಾನೋದ ಮುಚ್ಚಳ ಧಪ್ಪನೆ ಬಿದ್ದ ಸದ್ದು. ಯಾರೋ ನಕ್ಕರು. ಆಮೇಲೆ ಮೂವತ್ತು ವರ್ಷದ ಹಿಂದೆ ಸತ್ತವನ ದನಿ, ಹತ್ತಿರದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ:

‘ಶೇಟಜಿ, ನಾ ಕುಡದಿಲ್ರಿ. ಆಣಿ ಮಾಡಿ ಹೇಳ್ತೇನಿ. ಕೈ ನನ್ನ ಮಾತು ಕೇಳವಲ್ದು.’

ಗುಲಾಬಸಾಬ ಯಂತ್ರ ನಿಲ್ಲಿಸಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ದ್ರಾಕ್ಷಾಯಿಣಿ ಅಲ್ಲಿಂದ ನೆಟ್ಟಗೆ ಪರಮೇಶನ ಅಂಗಡಿಗೆ ಹೋದಳು. ದುರ್ಗದಬೈಲಿನಲ್ಲೇ ಅವನದು ಬಟ್ಟೆ ಅಂಗಡಿ. ‘ಅಪ್ಪ ಕುಡೀತಿರಲಿಲ್ಲೋ! ಏನೋ ಜಡ್ಡು ಆಗಿತ್ತೋ ಅವಗ!’ ಎಂದು ಗಿರಾಕಿಗಳ ಮುಂದೆಯೇ ಹೇಳಿದಳು. ಪರಮೇಶನ ಕಣ್ಣಲ್ಲಿ ನೀರು ಬಂತು. ಅಪ್ಪನ ಫೋಟೋ ಮನೆಯಲ್ಲಿ ಹಾಕಬೇಕೆಂದ, ಕ್ಯಾಸೆಟ್ಟಿನ ಬಿಡುಗಡೆಗೆ ದೊಡ್ಡ ಕಾರ್ಯಕ್ರಮ ಮಾಡೋಣವೆಂದ. ಅವನ ಮಗಳು ಗೀತಾಂಜಲಿಗೆ ಆಗಷ್ಟೇ ನಿಶ್ಚಯವಾಗಿತ್ತು. ಹುಡುಗ ಲೋಹಿತ ಧಾರವಾಡದ ಕಾಲೇಜಿನಲ್ಲಿ ಮೇಷ್ಟ್ರು. ಮನೆತನದ ಮೇಲಿನ ಕಲೆ ಸರಿಯಾದ ಹೊತ್ತಿಗೆ ತೊಳೆದುಹೋಯಿತೆಂದು ಅಕ್ಕ ತಮ್ಮ ಇಬ್ಬರಿಗೂ ಅನ್ನಿಸಿತು.

ಆ ಜಡ್ಡಿಗೆ ಹೆಸರೇನು ಎಂದು ಕೇಳಬೇಕೆಂಬ ಆಸೆ ಹುಟ್ಟದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೋ ಏನೋ.

ಅವಳ ಹಳೆಯ ವಿದ್ಯಾರ್ಥಿಯೊಬ್ಬ ನರರೋಗದ ಡಾಕ್ಟರರ ಬಳಿ ಗುಮಾಸ್ತನಾಗಿದ್ದ. ಅವನ ಮೂಲಕ ಹೋಗಿ, ಗುಲಾಬಸಾಬ ಇಳಿಸಿಕೊಟ್ಟ ಕ್ಯಾಸೆಟ್ಟು ಹಾಕಿ ಕೇಳಿಸಿದಳು. ಓಲಾಟ, ಸಿಟ್ಟು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿದ್ದ ತುತ್ತು ಎಲ್ಲ ವಿವರಿಸಿದಳು. ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು.

‘ಟೇಪು ಕೇಳಿ ರೋಗ ಹೇಳಾಕ ಬರೂದಿಲ್ರಿ,’ ಎಂದರು. ‘ಆದ್ರ ಇಂಥಾದ್ದು ಒಂದೈತಿ,’ ಎಂದು ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಅದರ ಹೆಸರು ಬರೆದರು. ‘ಅಪ್ಪ ಅವ್ವನಿಂದ ಮಕ್ಕಳಿಗೆ ಇಳಿಯೂ ಜಡ್ಡು. ನಲವತ್ತರ ಆಜುಬಾಜು ಸುರು ಆಗತೈತಿ. ಮೊದಲು ಬಟ್ಟು, ಆಮ್ಯಾಲೆ ನಡಿಗಿ, ಆಮ್ಯಾಲೆ ಬುದ್ಧಿ. ಔಷಧ ಇಲ್ಲ.’ ಚೀಟಿಯನ್ನು ಅವಳತ್ತ ಸರಿಸಿ ಕೇಳಿದರು: ‘ನೀವು ಮಕ್ಕಳು ಎಷ್ಟು ಮಂದಿ?’

‘ಇಬ್ಬರು.’

‘ಒಬ್ಬೊಬ್ಬರಿಗೂ ಬರೂದು ಬಿಡೂದು ಅರ್ಧಕ್ಕರ್ಧ. ನಾಣ್ಯ ಹಾರಿಸಿದಂಗ. ಬೆಂಗಳೂರಾಗ ರಕ್ತ ನೋಡಿ ಹೇಳ್ತಾರ. ಆದ್ರ ತಿಳ್ಕೊಳ್ಳೂದೋ ಬ್ಯಾಡೋ ಅನ್ನೂದು ನಿಮಗ ಬಿಟ್ಟಿದ್ದು.’

ಹೊರಗೆ ಬಂದಾಗ ರಿಕ್ಷಾದವರು ಕೂಗುತ್ತಿದ್ದರು, ಬಿಸಿಲು ಚೆನ್ನಾಗಿತ್ತು. ಅವಳು ನಡೆದೇ ಹೋದಳು, ತನ್ನ ಕಾಲುಗಳು ನೆಟ್ಟಗೆ ಬೀಳುತ್ತಿವೆಯೇ ಎಂದು ನೋಡುತ್ತ. ಮರುದಿನ ತಾನು ಬಡಿದ ಸ್ಟೆನ್ಸಿಲ್ ಹಾಳೆಯನ್ನು ಬೆಳಕಿಗೆ ಹಿಡಿದಳು. ಎಡಗೈಯ ಕಿರುಬೆರಳಿನ ಅಕ್ಷರಗಳು ಮಸುಕಾಗಿದ್ದವು. ಕಪಾಟು ತೆಗೆದು ಹಳೆಯ ಹಾಳೆಗಳನ್ನು ಹುಡುಕಿದಳು. ಎರಡು ವರ್ಷದಿಂದ ಮಸುಕೇ. ಅಪ್ಪನ ಟೇಪುಗಳನ್ನು ಜೋಡಿಸಿದ ಹಾಗೆಯೇ ಆ ಹಾಳೆಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ, ಸಾಲಿನ ಕೊನೆಗೆ ತಾನೇ ಕುಳಿತಳು.

ಪರಮೇಶನಿಗೆ ಹೇಳಿದಾಗ ಅವನು ಅಂಗಡಿಯ ಬಾಗಿಲು ಎಳೆದುಕೊಂಡು ಬಂದ. ‘ಅಕ್ಕಾ, ಹುಡುಗಿ ಲಗ್ನ ಐತಿ. ಈ ಮಾತು ಮತ್ತೊಮ್ಮೆ ಆಡಿದ್ರ ನಾ ನಿನ್ನ ತಮ್ಮ ಅಲ್ಲ, ತಿಳೀತಿಲ್ಲೋ? ಸತ್ತಾವಗ ಇಲ್ಲದ ಜಡ್ಡು ಹಚ್ಚಬ್ಯಾಡ. ಕುಡುಕ ಇದ್ದದ್ದ ಛಲೋ ಇತ್ತು.’

ಅವಳು ಒಬ್ಬಳೇ ಬೆಂಗಳೂರಿಗೆ ಹೋಗಿ ರಕ್ತ ಕೊಟ್ಟು ಬಂದಳು. ಎರಡು ತಿಂಗಳು ಕಾಯಬೇಕಾಯಿತು. ಆ ಎರಡು ತಿಂಗಳಲ್ಲಿ ಯಂತ್ರಗಳನ್ನು ಯಾರಿಗೆ ಕೊಡಬೇಕೆಂದು ಬರೆದಿಟ್ಟಳು, ತುತ್ತು ನುಂಗುವಾಗ ಎಣಿಸತೊಡಗಿದಳು, ಪಾತ್ರೆ ಬಿದ್ದರೆ ಬೆವರಿದಳು. ಮತ್ತೆ ಹೋದಾಗ ಅಲ್ಲಿನ ಡಾಕ್ಟರಮ್ಮ ಮುಗುಳ್ನಕ್ಕು ಕುರ್ಚಿ ಎಳೆದುಕೊಟ್ಟಳು. ಇಲ್ಲ. ಅವಳಲ್ಲಿ ಅದು ಇಲ್ಲವೇ ಇಲ್ಲ. ಕಿರುಬೆರಳಿನದು ವರ್ಷಗಟ್ಟಲೆ ಮೊಣಕೈ ಮೇಜಿಗೆ ಊರಿದ್ದರಿಂದ ಆದ ನರದ ದೋಷ.

ರೈಲು ಇಳಿದವಳು ಮನೆಗೆ ಹೋಗದೆ ಚೀಲ ಹಿಡಿದೇ ತಮ್ಮನ ಅಂಗಡಿಗೆ ನಡೆದಳು. ಪರಮೇಶ ಯಾರಿಗೋ ಜಂಪರ್ ಬಟ್ಟೆ ಕತ್ತರಿಸುತ್ತಿದ್ದ, ಬೆನ್ನು ಈ ಕಡೆ. ಅವಳು ಹೊಸ್ತಿಲ ಬಳಿ ನಿಂತು ಕರೆಯಬೇಕೆಂದು ಬಾಯಿ ತೆರೆದಳು. ಆಗ ಕತ್ತರಿಯ ಸದ್ದು ಕೇಳಿಸಿತು. ಕಚ್ ಕಚ್ ಕಚ್. ಸಣ್ಣ ತಡೆ. ಕಚ್. ಮತ್ತೆ ಎರಡು, ಮತ್ತೆ ತಡೆ. ಎಡಚನಾದ ಪರಮೇಶನ ಕೈ ಬಟ್ಟೆಯ ಗೆರೆ ಬಿಟ್ಟು ಪಕ್ಕಕ್ಕೆ ಸಿಡಿಯಿತು. ‘ಈ ಕತ್ತರಿ ಮೊಂಡ ಆಗೇತ್ರಿ,’ ಎಂದು ಅವನು ಗಿರಾಕಿಗೆ ಹೇಳಿ ನಕ್ಕ.

ಅದು ಅಪ್ಪನ ಏಳನೆಯ ಟೇಪು. ಅವಳಿಗೆ ಸಂಶಯವೇ ಇರಲಿಲ್ಲ.

ತಿರುಗಿ ನೋಡಿದ ಪರಮೇಶ ಅವಳ ಮುಖ ಕಂಡು ಗಾಬರಿಯಾದ. ಅವಳು ಬೆಂಗಳೂರಿನ ಚೀಟಿ ಕೊಟ್ಟಳು. ಓದಿದವನೇ ಗಟ್ಟಿಯಾಗಿ ಉಸಿರು ಬಿಟ್ಟ. ‘ನೋಡಿದೇನು? ನಿನಗಿಲ್ಲ ಅಂದ ಮ್ಯಾಲೆ ಯಾರಿಗೂ ಇಲ್ಲ. ಮುಗೀತು.’

‘ಹೌದಪಾ,’ ಎಂದಳು ದ್ರಾಕ್ಷಾಯಿಣಿ. ತಾನಾಡಿದ ಮಾತುಗಳಲ್ಲಿ ತನಗೆ ಅತಿ ನಾಚಿಕೆ ತಂದದ್ದು ಅದೇ ಎಂದು ಅವಳು ಮುಂದೆ ಹೇಳುತ್ತಿದ್ದಳು.

ಕ್ಯಾಸೆಟ್ಟು ಮರುವರ್ಷ ಯುಗಾದಿಗೆ ಬಂತು. ಕಂಪನಿಯವರು ಕೊನೆಯ ಟೇಪಿನ ಆ ಮಾತನ್ನೂ ಉಳಿಸಿಕೊಂಡಿದ್ದರು. ಉಳಿಸಿರೆಂದು ಅವಳೇ ಹಟ ಹಿಡಿದಿದ್ದಳು. ಕಾರ್ಯಕ್ರಮ ಮಾಡುವ ಮಾತನ್ನು ಪರಮೇಶ ಎತ್ತಲಿಲ್ಲ. ಲಗ್ನಕ್ಕೆ ಇಪ್ಪತ್ತು ದಿನ ಇತ್ತು. ಒಂದು ಮಧ್ಯಾಹ್ನ ಗೀತಾಂಜಲಿ ಟೈಪಿಂಗ್ ಕ್ಲಾಸಿಗೆ ಬಂದು, ಹುಡುಗರೆಲ್ಲ ಹೋಗುವವರೆಗೆ ಕಾದು, ಕೇಳಿದಳು.

‘ಅತ್ತಿ, ಅಜ್ಜಗ ಏನಾಗಿತ್ತು?’

‘ಏನೋ ನರದ ಜಡ್ಡು.’

‘ನೀ ಬೆಂಗಳೂರಿಗೆ ಯಾಕ ಹೋಗಿದ್ದಿ?’

ದ್ರಾಕ್ಷಾಯಿಣಿ ಯಂತ್ರಗಳಿಗೆ ಹೊದಿಕೆ ಹಾಕುತ್ತಿದ್ದಳು. ಹುಡುಗಿ ಬಿಡಲಿಲ್ಲ. ‘ಅಪ್ಪ ಈಗೀಗ ಅಂಗಿ ಗುಂಡಿ ಹಾಕಾಕ ಅವ್ವನ್ನ ಕರೀತಾನ. ಮೊನ್ನಿ ನಿದ್ದಿಗಣ್ಣಾಗ ಅಂತ ಅಂದ. ಇವತ್ತ ಎಚ್ಚರ ಇದ್ದಾಗೂ ಕರದ. ಹೇಳು ಅತ್ತಿ.’

ಆಗ ಅವಳು ಹೇಳಿದಳು. ಎಲ್ಲವನ್ನೂ, ಅರ್ಧಕ್ಕರ್ಧದ ಲೆಕ್ಕದವರೆಗೆ. ಗೀತಾಂಜಲಿ ಅಳಲಿಲ್ಲ. ತನ್ನ ಎರಡೂ ಅಂಗೈಗಳನ್ನು ಮೇಜಿನ ಮೇಲಿಟ್ಟು, ಬೇರೆಯವರ ವಸ್ತುವೇನೋ ಎಂಬಂತೆ ನೋಡಿದಳು. ಮರುದಿನ ತಾನೇ ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿ ಲೋಹಿತನಿಗೆ ತಿಳಿಸಿದಳು. ಹುಡುಗ ಒಳ್ಳೆಯವನು, ತನಗೇನೂ ಅಡ್ಡಿಯಿಲ್ಲ ಎಂದನಂತೆ. ನಾಲ್ಕನೆಯ ದಿನ ಅವನ ಮನೆಯವರು ನಿಶ್ಚಯದ ಸೀರೆಯನ್ನು ವಾಪಸು ಕೇಳಿದರು. ಅವನೂ ಆಮೇಲೆ ಕಾಣಲಿಲ್ಲ.

ಪರಮೇಶ ಅಕ್ಕನ ಮನೆ ಮುಂದೆ ಬಂದು ಕೂಗಾಡಿದ. ಓಣಿಯ ಜನ ನೆರೆದರು. ‘ತನಗ ಯಾರೂ ಸಿಗಲಿಲ್ಲಂತ ನನ್ನ ಮಗಳ ಬಾಳೂ ಹಾಳ ಮಾಡಿದಳು!’ ಎಂದ. ಕೂಗುವಾಗ ಅವನ ಭುಜ ಒಂದೇ ಸಮನೆ ಕುಣಿಯುತ್ತಿತ್ತು. ಅದನ್ನು ನೋಡಬಾರದೆಂದು ದ್ರಾಕ್ಷಾಯಿಣಿ ಅವನ ಚಪ್ಪಲಿಗಳನ್ನೇ ದಿಟ್ಟಿಸಿದ್ದಳು.

ನಾಲ್ಕು ವರ್ಷ ಮಾತಿರಲಿಲ್ಲ. ಅಂಗಡಿ ಮೊದಲು ಅರ್ಧ ದಿನ, ಆಮೇಲೆ ವಾರಕ್ಕೆರಡು ದಿನ, ಕೊನೆಗೆ ಪೂರ್ತಿ ಮುಚ್ಚಿತು. ೨೦೦೩ರ ಒಂದು ಬೆಳಿಗ್ಗೆ ಅವನ ಹೆಂಡತಿ ಶೇವಂತೆವ್ವ ಬಂದು, ‘ಅವರಿಗೆ ಊಟ ಮಾಡಸಾಕ ನನ್ನೊಬ್ಬಕಿ ಕೈಲೆ ಆಗವಲ್ದು,’ ಎಂದಳು. ಅವತ್ತಿನಿಂದ ದ್ರಾಕ್ಷಾಯಿಣಿ ಹೋಗತೊಡಗಿದಳು. ಮೊದಮೊದಲು ಅವನು ಮುಖ ತಿರುಗಿಸಿ ತುತ್ತು ತೆಗೆದುಕೊಂಡ. ಒಂದು ದಿನ, ಮಾತು ತೊದಲುವ ಹಂತದಲ್ಲಿ, ‘ಅಪ್ಪನ್ನ ಹಚ್ಚು,’ ಎಂದ. ಅವಳು ಕ್ಯಾಸೆಟ್ಟು ಹಾಕಿದಳು. ಒಳ್ಳೆಯ ದಿನಗಳ ಯಮನ. ಪರಮೇಶನ ಮೈ ತಾಳವಿಲ್ಲದೆ ಕುಣಿಯುತ್ತಲೇ ಇತ್ತು, ಕಣ್ಣು ಮಾತ್ರ ನಿಂತು ಕೇಳಿತು. ಎರಡು ವರ್ಷದ ನಂತರ ತೀರಿಕೊಂಡ.

ಪುಣೆಯ ಕಂಪನಿ ಈಗ ಅವೇ ಟೇಪುಗಳನ್ನು ಸಿಡಿ ಮಾಡಿದೆ. ಗೀತಾಂಜಲಿ ಅತ್ತೆಯ ಜೊತೆ ಇದ್ದಾಳೆ. ಟೈಪ್‌ರೈಟರುಗಳ ಜಾಗದಲ್ಲಿ ಕಂಪ್ಯೂಟರು ತಂದು ಕ್ಲಾಸನ್ನು ಅವಳೇ ನಡೆಸುತ್ತಾಳೆ. ರಕ್ತ ಪರೀಕ್ಷೆಯ ಅರ್ಜಿ ಮೂರು ಸಲ ತರಿಸಿದ್ದಾಳೆ. ಮೂರು ಸಲವೂ ಹೆಸರು, ವಯಸ್ಸು ತುಂಬಿ, ಸಹಿ ಹಾಕುವಲ್ಲಿ ನಿಂತಿದ್ದಾಳೆ.

‘ಈ ವರ್ಷ ಬ್ಯಾಡ ಅತ್ತಿ,’ ಎನ್ನುತ್ತಾಳೆ. ‘ಇನ್ನೂ ಮೂವತ್ತು ತುಂಬಿಲ್ಲ.’

‘ಆತು ಬಿಡವಾ,’ ಎನ್ನುತ್ತಾಳೆ ದ್ರಾಕ್ಷಾಯಿಣಿ. ಕ್ಲಾಸಿನ ಹೊತ್ತಿಗೆ ಅವಳು ಮೂಲೆಯ ಕುರ್ಚಿಯಲ್ಲಿ ಕೂಡುವುದುಂಟು. ಹುಡುಗಿ ಕೀಲಿಮಣೆಗೆ ಕೈ ಹಚ್ಚಿದ ಕೂಡಲೆ ಎದ್ದು, ಏನೋ ನೆಪ ಹೇಳಿ, ಕೆಳಗಿನ ಬಳೆ ಅಂಗಡಿಗೆ ಇಳಿದುಬಿಡುತ್ತಾಳೆ. ಅಲ್ಲಿ ಗದ್ದಲ ಬಹಳ. ಮೇಲಿನ ಸದ್ದು ಕೇಳಿಸುವುದಿಲ್ಲ.